ಕೆರೀನಾ ಕೆಳಗಿನ ಸಿಸ್ಟ್: ನಾನು ಬಿಡಿಸುವ ಬಗೆ

ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗವೇ ಕೆರೀನಾ. ಅದರ ಕೆಳಗಿನ ಸಿಸ್ಟ್‌ಗೆ (ದ್ರವ ತುಂಬಿದ ಚೀಲ) ಸಿಟಿ ಸ್ಕ್ಯಾನ್‌ನಲ್ಲಿ 60–70 ಹೌನ್ಸ್‌ಫೀಲ್ಡ್ (ಸ್ಕ್ಯಾನ್‌ನಲ್ಲಿ ಸಾಂದ್ರತೆಯ ಅಳತೆ) ಅಂಕಿ ಕಂಡರೆ ‘ಗಟ್ಟಿ ಗೆಡ್ಡೆ’ ಅಂತ ವರದಿ ಬರುವುದುಂಟು. ತಿಳಿನೀರಾಗಿದ್ದರೆ 0–20ರ ಒಳಗಿರಬೇಕು, ನಿಜ. ಆದರೆ ಬ್ರಾಂಕೋಜೆನಿಕ್ ಸಿಸ್ಟ್‌ನೊಳಗೆ (ಭ್ರೂಣದಲ್ಲಿ ಶ್ವಾಸನಾಳದ ಮೊಳಕೆಯಿಂದ ಆದ ಚೀಲ) ಇರುವುದು ಅಂಟು ಲೋಳೆ. ಪ್ರೋಟೀನ್, ಕ್ಯಾಲ್ಸಿಯಂ ಹೆಚ್ಚಿದಷ್ಟೂ ಅಂಕಿ ಏರುತ್ತದೆ. ಹಾಗಾಗಿ ನಾನು ಕಾಂಟ್ರಾಸ್ಟ್‌ಗೆ (ರಕ್ತಸಂಚಾರ ಎದ್ದು ಕಾಣಲು ಕೊಡುವ ಚುಚ್ಚುಮದ್ದು) ಮುಂಚಿನ ಮತ್ತು ನಂತರದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಒಳಭಾಗದ ಅಂಕಿ ಬದಲಾಗದಿದ್ದರೆ ಅಲ್ಲಿ ರಕ್ತಸಂಚಾರವಿಲ್ಲ. ಆಮೇಲೂ ಅನುಮಾನವಿದ್ದರೆ ಎಂಆರ್‌ಐ. ಅದರ ಟಿ2 (ದ್ರವ ಬೆಳ್ಳಗೆ ಕಾಣುವ ಬಗೆಯ) ಚಿತ್ರದಲ್ಲಿ ಸಿಸ್ಟ್ ಬೆಳ್ಳಗೆ ಹೊಳೆಯುತ್ತದೆ.

ಇರುವ ಜಾಗ ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ಹೃದಯ ಮತ್ತು ವಪೆ ಕೂಡುವ ಬಲಮೂಲೆಯಲ್ಲಿದ್ದರೆ ಬಹುತೇಕ ಪೆರಿಕಾರ್ಡಿಯಲ್ ಸಿಸ್ಟ್, ಅಂದರೆ ಹೃದಯದ ಹೊರಪೊರೆಯದ್ದು. ತೊಂದರೆ ಕೊಡದಿದ್ದರೆ ಅದನ್ನು ಮುಟ್ಟದೆ ಗಮನಿಸುತ್ತೇನೆ. ಬೆನ್ನುಮೂಳೆಗೆ ಒತ್ತಿಕೊಂಡಿದ್ದು ಕಶೇರುಕವೂ ವಿಕಾರವಾಗಿದ್ದರೆ ಬೆನ್ನುಹುರಿಯ ಎಂಆರ್‌ಐ ಆಗದೆ ಕೈ ಹಾಕುವುದಿಲ್ಲ. ಕೆರೀನಾ ಕೆಳಗಿನದು ಬ್ರಾಂಕೋಜೆನಿಕ್ ಇರುವ ಸಂಭವವೇ ಹೆಚ್ಚು. ರೋಗಿ ಗಟ್ಟಿಮುಟ್ಟಾಗಿದ್ದರೆ ಸೋಂಕು ತಗಲುವ ಮೊದಲೇ ತೆಗೆಸಿಕೊಳ್ಳಿ ಎನ್ನುತ್ತೇನೆ.

‘ಸೂಜಿ ಹಾಕಿ ನೋಡಿಬಿಡೋಣ’ ಎಂಬ ಸಲಹೆಗೆ ನನ್ನ ಒಪ್ಪಿಗೆಯಿಲ್ಲ. ಒಳಪೊರೆ ಹಾಗೇ ಉಳಿಯುವುದರಿಂದ ಲೋಳೆ ಮತ್ತೆ ತುಂಬುತ್ತದೆ. ಶುದ್ಧವಾಗಿದ್ದ ಚೀಲಕ್ಕೆ ಸೋಂಕು ಹೊಕ್ಕರೆ ಸುತ್ತಲಿನ ಪದರಗಳೆಲ್ಲ ಅಂಟಿಕೊಂಡು ಆಪರೇಷನ್ ಕಷ್ಟವಾಗುತ್ತದೆ. ಅದು ಹೈಡಾಟಿಡ್ (ಲಾಡಿಹುಳುವಿನ ಮರಿಯಿಂದಾದ ಚೀಲ) ಆಗಿದ್ದರಂತೂ ಸೋರಿದ ದ್ರವದಿಂದ ಅನಫಿಲಾಕ್ಸಿಸ್ (ಜೀವಕ್ಕೆ ಅಪಾಯ ತರುವ ಅಲರ್ಜಿ) ಆಗಬಹುದು.

ಆಪರೇಷನ್‌ಗೆ ಡಬಲ್ ಲ್ಯೂಮೆನ್ ಟ್ಯೂಬ್ (ಎರಡು ಶ್ವಾಸಕೋಶಗಳಿಗೂ ಬೇರೆಬೇರೆಯಾಗಿ ಗಾಳಿ ಕೊಡುವ ಕೊಳವೆ) ಹಾಕಿಸಿ, ಅದು ಸರಿಯಾಗಿ ಕೂತಿದೆಯೇ ಎಂದು ಬ್ರಾಂಕೋಸ್ಕೋಪ್‌ನಲ್ಲಿ (ಶ್ವಾಸನಾಳದೊಳಗೆ ನೋಡುವ ದುರ್ಬೀನು) ನೋಡಿದ ಮೇಲೆ ರೋಗಿಯನ್ನು ಎಡಮಗ್ಗುಲಿಗೆ ಮಲಗಿಸುತ್ತೇವೆ. ಕ್ಯಾಮೆರಾ ಏಳನೇ ಪಕ್ಕೆಲುಬಿನ ಸಂದಿಯಲ್ಲಿ, ಮುಂದೆ ಐದನೇ ಸಂದಿಯಲ್ಲಿ 3 ಸೆಂ.ಮೀ. ಕೊಯ್ತ, ಹೆಗಲಹಲಗೆಯ ತುದಿಯ ಹಿಂದೆ ಇನ್ನೊಂದು ರಂಧ್ರ. ಶ್ವಾಸಕೋಶವನ್ನು ಮುಂದಕ್ಕೆ ಸರಿಸಿ ಪ್ಲೂರಾ (ಎದೆಗೂಡಿನ ಒಳಪೊರೆ) ಸೀಳುತ್ತೇನೆ. ಅಜೈಗಸ್ ರಕ್ತನಾಳ (ಎದೆಯ ಬಲಭಾಗದ ಒಂದು ಅಭಿಧಮನಿ) ಅಡ್ಡ ಬಂದರೆ ಸ್ಟೇಪ್ಲರ್‌ನಿಂದ ಕತ್ತರಿಸುತ್ತೇನೆ. ಮೂಗಿನಿಂದ ಹಾಕಿದ ಟ್ಯೂಬ್ ಅನ್ನನಾಳ ಎಲ್ಲಿದೆ ಎಂದು ತೋರಿಸುತ್ತದೆ; ಅದರ ಮೇಲೇ ಇರುವ ವೇಗಸ್ ನರದ (ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ನರ) ಕಾಂಡವನ್ನು ಉಳಿಸಬೇಕು.

ಸಿಸ್ಟನ್ನು ಮೊದಲೇ ಬರಿದು ಮಾಡಬೇಡಿ. ತುಂಬಿ ಬಿಗಿಯಾಗಿದ್ದಾಗ ಅದರ ಗೋಡೆ ಮತ್ತು ಸುತ್ತಲಿನ ಸಡಿಲ ಅಂಗಾಂಶದ ನಡುವಿನ ಪದರ ತಾನಾಗಿ ತೋರುತ್ತದೆ. ಸೊರಗಿದರೆ ಯಾವುದು ಗೋಡೆ, ಯಾವುದು ಅನ್ನನಾಳದ ಸ್ನಾಯು ಎಂದು ಗೊತ್ತಾಗುವುದಿಲ್ಲ. ಮುಕ್ಕಾಲು ಭಾಗ ಬಿಡಿಸಿ, ಉಳಿದದ್ದಕ್ಕೆ ಹಿಡಿಯಲು ಜಾಗ ಸಾಲದಾದಾಗಷ್ಟೇ ಲೋಳೆ ಹೀರಿ ತೆಗೆಯುತ್ತೇನೆ. ಅದರಲ್ಲಿ ಸ್ವಲ್ಪ ಕಲ್ಚರ್‌ಗೆ (ಸೋಂಕಿನ ಪರೀಕ್ಷೆಗೆ) ಹೋಗುತ್ತದೆ.

ಕಷ್ಟವೆಲ್ಲ ಕೊನೆಯಲ್ಲಿ. ಬ್ರಾಂಕಸ್‌ನ (ಶ್ವಾಸನಾಳದ ಕವಲು) ಹಿಂಭಾಗದ ಮೃದು ಗೋಡೆಗೆ ಸಿಸ್ಟ್ ಬೆಸೆದುಕೊಂಡಿರುವ ಉಗುರಗಲದ ಜಾಗವದು. ಅಲ್ಲಿ ಎಳೆದರೆ ಹರಿಯುತ್ತದೆ. ಕಾಟರಿಯಿಂದ (ವಿದ್ಯುತ್ ಶಾಖದ ಉಪಕರಣ) ಸುಟ್ಟರೆ ಆ ಹೊತ್ತಿಗೆ ಏನೂ ಕಾಣದೆ, ಕೆಲವು ದಿನದ ಮೇಲೆ ತೂತು ಬೀಳಬಹುದು. ಬಿಡಿಸಲಾಗದಿದ್ದರೆ ಸಿಸ್ಟನ್ನು ತೆರೆದು, ಹೊರಗೋಡೆಯ ಆ ತುಂಡನ್ನು ಬ್ರಾಂಕಸ್ ಮೇಲೇ ಬಿಟ್ಟು, ನುಣ್ಣಗೆ ಹೊಳೆಯುವ ಒಳಪೊರೆಯನ್ನು ಮಾತ್ರ ಕತ್ತರಿಯಿಂದ ಅಂಚು ಎಬ್ಬಿಸಿ ಸುಲಿಯುತ್ತೇನೆ. ಒಳಪೊರೆ ಒಂದು ಚೂರು ಉಳಿದರೂ ಸಿಸ್ಟ್ ಮರುಕಳಿಸಬಹುದು, ವರ್ಷಗಳ ನಂತರವೂ.

ಆಮೇಲೆ ಆ ಜಾಗವನ್ನು ಸಲೈನ್‌ನಲ್ಲಿ ಮುಳುಗಿಸಿ, 20–25 ಸೆಂ.ಮೀ. ನೀರಿನ ಒತ್ತಡದಲ್ಲಿ ಶ್ವಾಸಕೋಶ ಉಬ್ಬಿಸಲು ಅರಿವಳಿಕೆಯವರಿಗೆ ಹೇಳುತ್ತೇನೆ. ಗುಳ್ಳೆ ಎದ್ದರೆ 4-0 ಕರಗುವ ದಾರದಿಂದ ಬಿಡಿಬಿಡಿ ಹೊಲಿಗೆ, ಮೇಲೆ ಪ್ಲೂರಾ ಇಲ್ಲವೇ ಪಕ್ಕೆಲುಬಿನ ನಡುವಿನ ಸ್ನಾಯುವಿನ ಹೊದಿಕೆ. ಅನ್ನನಾಳದ ಕಡೆಯನ್ನೂ ಟ್ಯೂಬಿನಿಂದ ಗಾಳಿ ಬಿಟ್ಟು ಹೀಗೇ ನೋಡಬೇಕು. ಸ್ನಾಯು ಬಿಚ್ಚಿಕೊಂಡಿದ್ದರೆ ಕೂಡಿಸಿ ಹೊಲಿಯದೆ ಬಿಟ್ಟರೆ ಅಲ್ಲಿ ಒಳಪದರ ಚೀಲದಂತೆ ಹೊರಚಾಚುತ್ತದೆ.

ಎದೆಯೊಳಗಿನ ಗಾಳಿ, ದ್ರವ ಹೊರಹೋಗಲು ಒಂದು 24 ಫ್ರೆಂಚ್ (ಕೊಳವೆಯ ದಪ್ಪದ ಅಳತೆ) ಡ್ರೈನ್ ಸಾಕು. ಗಾಳಿ ಸೋರಿಕೆ ನಿಂತು, ದ್ರವ ದಿನಕ್ಕೆ 200 ಮಿ.ಲೀ.ಗಿಂತ ಕಡಿಮೆಯಾದರೆ ತೆಗೆಯಬಹುದು. ಆದರೆ ರೋಗಿ ಒಮ್ಮೆಯಾದರೂ ಕೊಬ್ಬಿನಂಶವಿರುವ ಊಟ ಮಾಡುವ ತನಕ ನಾನು ತೆಗೆಯುವುದಿಲ್ಲ. ಥೊರಾಸಿಕ್ ಡಕ್ಟ್‌ಗೆ (ಕರುಳಿನಿಂದ ಕೊಬ್ಬನ್ನು ರಕ್ತಕ್ಕೆ ಸಾಗಿಸುವ ನಾಳ) ಪೆಟ್ಟಾಗಿದ್ದರೆ ಬಾಟಲಿಯ ದ್ರವ ಹಾಲಿನಂತಾಗುವುದು ಊಟದ ನಂತರವೇ. ಅದರಲ್ಲಿ ಟ್ರೈಗ್ಲಿಸರೈಡ್ (ಒಂದು ಬಗೆಯ ಕೊಬ್ಬು) ಡೆಸಿಲೀಟರ್‌ಗೆ 110 ಮಿ.ಗ್ರಾಂ. ದಾಟಿದ್ದರೆ ಡ್ರೈನ್ ಇದ್ದಲ್ಲೇ ಇರಲಿ.