ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದರೆ: ಯಾವುದು ಮೊದಲು, ಯಾವುದು ಆಮೇಲೆ

ಚೀಲದೊಳಗೆ ಕೈ ಹಾಕಿದರೆ ಕರ್ಚೀಫು ಸಿಗುತ್ತದೆ, ಪೆನ್ನು ಸಿಗುತ್ತದೆ, ಚಿಲ್ಲರೆ ಸಿಗುತ್ತದೆ. ಪಾಸ್‌ಪೋರ್ಟ್ ಮಾತ್ರ ಇಲ್ಲ. ಆಗ ಎದೆ ಧಸಕ್ಕೆನ್ನುವುದು ಸಹಜ. ಭಾಷೆ ಬಾರದ ಊರು, ಎರಡು ದಿನ ಕಳೆದರೆ ವಾಪಸು ವಿಮಾನ. ಆದರೂ ಗಾಬರಿ ಬೇಡ, ಇದಕ್ಕೊಂದು ದಾರಿ ಇದೆ. ಈ ದಾರಿಯಲ್ಲಿ ಎಡವುವವರು ಹೆಚ್ಚಾಗಿ ಕ್ರಮ ತಪ್ಪಿದವರು. ಪ್ರತಿ ಕಚೇರಿಯೂ ಹಿಂದಿನ ಕಚೇರಿಯ ಕಾಗದ ಕೇಳುತ್ತದೆ. ಅದಿಲ್ಲದೆ ಹೋದವರು ಸರದಿಯಲ್ಲಿ ನಿಂತು, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಮರಳುತ್ತಾರೆ.

ಮೊದಲು ಹುಡುಕಿ

ದೂರು ಕೊಡಲು ಓಡುವ ಮುನ್ನ ಒಂದು ಗಂಟೆ ಸರಿಯಾಗಿ ಹುಡುಕಿ. ಇದನ್ನು ಒತ್ತಿ ಹೇಳಲು ಕಾರಣವಿದೆ: ಕಳೆದಿದೆ ಎಂದು ಒಮ್ಮೆ ನಿಮ್ಮ ಸರ್ಕಾರಕ್ಕೆ ತಿಳಿಸಿದರೆ ಪಾಸ್‌ಪೋರ್ಟ್ ರದ್ದಾಗುತ್ತದೆ. ಸಂಜೆ ಅದು ಸೂಟ್‌ಕೇಸಿನ ಅಸ್ತರಿನೊಳಗೆ ಸಿಕ್ಕರೂ ಅದರ ಮೇಲೆ ಪ್ರಯಾಣ ಮಾಡುವಂತಿಲ್ಲ.

ಕೊನೆಯ ಸಲ ಅದನ್ನು ಕೈಯಲ್ಲಿ ಹಿಡಿದದ್ದು ಎಲ್ಲಿ ಎಂದು ನೆನಪಿಸಿಕೊಂಡು ಅಲ್ಲಿಂದ ಹಿಂದೆ ಹಿಂದೆ ಹೋಗಿ. ಹೋಟೆಲಿನ ರಿಸೆಪ್ಷನ್, ಹಣ ಬದಲಿಸಿದ ಕೌಂಟರ್, ಸಿಮ್ ಕೊಂಡ ಅಂಗಡಿ, ವಿಮಾನದ ಸೀಟಿನ ಮುಂದಿನ ಚೀಲ, ಕೋಣೆಯ ಲಾಕರ್. ಮನೆಮಂದಿಯ ಜೊತೆ ಹೋಗಿದ್ದರೆ ಎಲ್ಲರ ಚೀಲವನ್ನೂ ಬಿಡಿಸಿ ನೋಡಿ. ಒಮ್ಮೆ ನಮ್ಮ ತಂಡದ ಹಿರಿಯರೊಬ್ಬರು ಪಾಸ್‌ಪೋರ್ಟ್ ಕಾಣದೆ ಊಟ ಬಿಟ್ಟು ಕೂತಿದ್ದರು. ಕೊನೆಗೆ ಅದು ಸಿಕ್ಕಿದ್ದು ಹೋಟೆಲಿನ ಜೆರಾಕ್ಸ್ ಯಂತ್ರದಲ್ಲಿ, ಗಾಜಿನ ಮೇಲೆ ಬೋರಲಾಗಿ. ಪ್ರತಿ ತೆಗೆದುಕೊಂಡ ಹುಡುಗ ಮುಚ್ಚಳ ಮುಚ್ಚಿ ಹೋಗಿದ್ದ. ಅಂದಿನಿಂದ ಯಾರೇ ಕೇಳಿದರೂ ಮೊದಲು ಆ ಮುಚ್ಚಳ ಎತ್ತಿಸಿ ಎನ್ನುತ್ತೇನೆ.

ಚೀಲವನ್ನೇ ಕಸಿದುಕೊಂಡು ಹೋಗಿದ್ದರೆ ಮಾತು ಬೇರೆ. ಅದರಲ್ಲಿದ್ದ ಬ್ಯಾಂಕ್ ಕಾರ್ಡುಗಳನ್ನು ಆ ಕ್ಷಣವೇ ಬ್ಲಾಕ್ ಮಾಡಿಸಿ, ಫೋನೂ ಹೋಗಿದ್ದರೆ ಸಿಮ್ ನಿಲ್ಲಿಸಿ. ಆಮೇಲೆ ಆಸುಪಾಸಿನ ಕಸದ ಡಬ್ಬಿಗಳಲ್ಲಿ ಇಣುಕಿ ನೋಡಿ. ಎಷ್ಟೋ ಕಳ್ಳರಿಗೆ ಬೇಕಿರುವುದು ನಗದು ಮಾತ್ರ, ಉಳಿದದ್ದನ್ನು ಎಸೆದು ಹೋಗುತ್ತಾರೆ.

ಪೊಲೀಸ್ ಠಾಣೆ: ಇಲ್ಲಿ ಅವಸರ ಬೇಡ

ಸಿಗಲಿಲ್ಲ ಎಂದಾದರೆ ಅದೇ ಊರಿನ ಠಾಣೆಗೆ ನೀವೇ ಹೋಗಿ. ಫೋನಿನಲ್ಲಿ ಹೇಳಿದರೆ ಸಾಲದು, ಕೈಗೆ ಕಾಗದ ಬರಬೇಕು. ಸ್ಪೇನ್‌ನಲ್ಲಿ 'ದೆನುನ್ಸಿಯಾ', ಇಟಲಿಯಲ್ಲಿ 'ದೆನುಂಚಾ' (ಅಂದರೆ ದೂರು) ಬೇಕು ಎಂದರೆ ಠಾಣೆಯವರಿಗೆ ಅರ್ಥವಾಗುತ್ತದೆ. ಜಪಾನಿನಲ್ಲಿ ಬೀದಿ ಬೀದಿಗೂ ಇರುವ 'ಕೋಬಾನ್' ಎಂಬ ಪುಟ್ಟ ಪೊಲೀಸ್ ಕಟ್ಟೆಯಲ್ಲೇ ಕಳೆದ ವಸ್ತುವಿನ ದೂರು ಬರೆದುಕೊಂಡು ಸಂಖ್ಯೆ ಕೊಡುತ್ತಾರೆ. ಥಾಯ್ಲೆಂಡಿನಲ್ಲಿ ಪ್ರವಾಸಿಗರಿಗೆಂದೇ ಪೊಲೀಸ್ ಪಡೆ ಇದೆ, ಅದರ ಸಂಖ್ಯೆ 1155.

ಕಳವಾಗಿದ್ದರೆ ಕಳವು ಎಂದೂ, ಎಲ್ಲಿ ಬಿತ್ತೋ ಗೊತ್ತಿಲ್ಲದಿದ್ದರೆ ಕಳೆದಿದೆ ಎಂದೂ ಇದ್ದದ್ದನ್ನು ಇದ್ದ ಹಾಗೆ ಹೇಳಿ. ವಿಮೆಗೆ ಅನುಕೂಲ ಎಂದು ಇಲ್ಲದ ಕಳ್ಳನನ್ನು ಕಟ್ಟಿ ಹೇಳಿದರೆ ಅದು ಸುಳ್ಳು ದೂರು. ಪರದೇಶದಲ್ಲಿ ಅಂಥ ತೊಂದರೆ ತಲೆಯ ಮೇಲೆ ಎಳೆದುಕೊಳ್ಳಬೇಡಿ.

ವರದಿ ಅಲ್ಲಿನ ಭಾಷೆಯಲ್ಲಿರುತ್ತದೆ, ನಿಮಗೆ ಓದಲು ಬಾರದು. ಆದರೂ ನಾಲ್ಕು ಸಂಗತಿಯನ್ನು ಬೆರಳಿಟ್ಟು ನೋಡಿ: ನಿಮ್ಮ ಹೆಸರಿನ ಕಾಗುಣಿತ, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ, ಠಾಣೆಯ ಮೊಹರು. ನನ್ನೊಂದಿಗಿದ್ದ ಒಬ್ಬರ ವರದಿಯಲ್ಲಿ ಸೊನ್ನೆಯ ಜಾಗದಲ್ಲಿ 'ಓ' ಅಕ್ಷರ ಬಿದ್ದಿತ್ತು. ದೂತಾವಾಸದ ಕೌಂಟರಿನಲ್ಲಿದ್ದ ಮಹಿಳೆ ವರದಿಯನ್ನೂ ಪಾಸ್‌ಪೋರ್ಟಿನ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ ವರದಿಯನ್ನು ಮೆಲ್ಲನೆ ಹಿಂದಕ್ಕೆ ಸರಿಸಿದರು. ಮತ್ತೆ ಠಾಣೆ, ಮತ್ತೆ ಸರದಿ, ಒಂದಿಡೀ ದಿನ ಹಾಳು. ತಿದ್ದಿಸುವುದಿದ್ದರೆ ಅಲ್ಲೇ ತಿದ್ದಿಸಿ. ಮೂಲಪ್ರತಿಯನ್ನು ಯಾರಿಗೂ ಕೊಟ್ಟು ಬರಬೇಡಿ, ನಕಲು ಕೊಡಿ. ಪ್ರಯಾಣ ವಿಮೆ ಮಾಡಿಸಿದ್ದರೆ ಅವರಿಗೂ ಅಂದೇ ಸುದ್ದಿ ಮುಟ್ಟಿಸಿ. ಎಷ್ಟೋ ಪಾಲಿಸಿಗಳಲ್ಲಿ 24 ಗಂಟೆಯೊಳಗೆ ಪೊಲೀಸ್ ದೂರು ಆಗಿರಬೇಕೆಂಬ ಷರತ್ತಿರುತ್ತದೆ.

ರದ್ದು ಮಾಡಿಸಲು ಯಾಕೆ ತಡಮಾಡಬಾರದು

ಕಳೆದ ಪಾಸ್‌ಪೋರ್ಟುಗಳ ವಿವರವನ್ನು ದೇಶಗಳು ಇಂಟರ್‌ಪೋಲ್‌ಗೆ ಕೊಡುತ್ತವೆ. ಅದಕ್ಕೆಂದೇ ಒಂದು ದತ್ತಾಂಶ ಸಂಗ್ರಹ 2002ರಿಂದ ಇದೆ. ಅದಕ್ಕೆ ನೀವು ನೇರವಾಗಿ ಬರೆಯಲಾಗದು, ನಿಮ್ಮ ಸರ್ಕಾರದ ಮೂಲಕವೇ ಹೋಗಬೇಕು. 2014ರ ಮಾರ್ಚ್‌ನಲ್ಲಿ ಕಾಣೆಯಾದ ಎಂಎಚ್370 ವಿಮಾನವನ್ನು ಇಬ್ಬರು ಬೇರೆಯವರ ಪಾಸ್‌ಪೋರ್ಟಿನ ಮೇಲೆ ಹತ್ತಿದ್ದರು. ಒಂದು ಆಸ್ಟ್ರಿಯಾ ದೇಶದ್ದು, ಇನ್ನೊಂದು ಇಟಲಿಯದ್ದು, ಎರಡೂ ಥಾಯ್ಲೆಂಡಿನಲ್ಲಿ ಕಳವಾಗಿದ್ದವು. ವಿಮಾನ ಕಾಣೆಯಾದದ್ದಕ್ಕೂ ಆ ಇಬ್ಬರಿಗೂ ನಂಟು ಕಂಡುಬರಲಿಲ್ಲ ಎಂಬುದು ನಿಜ. ಆದರೆ ಆ ಪಾಸ್‌ಪೋರ್ಟುಗಳ ನಿಜವಾದ ಒಡೆಯರ ಹೆಸರು ಪ್ರಯಾಣಿಕರ ಪಟ್ಟಿಯಲ್ಲಿ ಬಂತು, ಅವರು ಬದುಕಿದ್ದೇವೆ ಎಂದು ಹೇಳಬೇಕಾಯಿತು. ಕಳವಿನ ದೂರು ಮೊದಲೇ ದಾಖಲಾಗಿತ್ತು ಎಂಬುದೇ ಅವರ ನೆರವಿಗೆ ಇದ್ದದ್ದು. ನಿಮ್ಮ ಹೆಸರು ಹೊತ್ತು ಇನ್ನೊಬ್ಬರು ಓಡಾಡುವಾಗ ನಿಮ್ಮ ಪರವಾಗಿ ನಿಲ್ಲುವುದು ಆ ದಿನಾಂಕ.

ರಾಯಭಾರ ಕಚೇರಿಯಲ್ಲಿ

ತನ್ನ ಪ್ರಜೆಗಳಿಗೆ ಪರದೇಶದಲ್ಲೇ ಪಾಸ್‌ಪೋರ್ಟ್ ಮತ್ತು ಪ್ರಯಾಣದ ಕಾಗದ ಕೊಡುವುದು ದೂತಾವಾಸದ ಕೆಲಸ ಎಂದು 1963ರ ವಿಯೆನ್ನಾ ಒಪ್ಪಂದದಲ್ಲೇ ಬರೆದಿದೆ. ಹಾಗಾಗಿ ಅಲ್ಲಿ ಸಂಕೋಚಪಟ್ಟು ನಿಲ್ಲಬೇಕಿಲ್ಲ. ರಾಯಭಾರ ಕಚೇರಿ ರಾಜಧಾನಿಯಲ್ಲಿರುತ್ತದೆ. ಬೇರೆ ದೊಡ್ಡ ಊರುಗಳಲ್ಲಿ ಕಾನ್ಸುಲೇಟ್ ಇದ್ದರೆ ಅಲ್ಲೂ ಈ ಕೆಲಸ ಆಗುತ್ತದೆ. ನಿಮ್ಮ ದೇಶದ ಕಚೇರಿಯೇ ಇಲ್ಲದ ನಾಡಾದರೆ ಅಲ್ಲಿನ ಹೊಣೆಯನ್ನು ಪಕ್ಕದ ದೇಶದ ಕಚೇರಿ ಹೊತ್ತಿರುತ್ತದೆ. ಒಕ್ಕೂಟದ ಹೊರಗಿನ ಅಂಥ ನಾಡಿನಲ್ಲಿ ಐರೋಪ್ಯ ಒಕ್ಕೂಟದ ಪ್ರಜೆಗಳು ಒಕ್ಕೂಟದ ಬೇರೆ ಯಾವ ದೇಶದ ಕಚೇರಿಗೂ ಹೋಗಬಹುದು.

ಹೊರಡುವ ಮುನ್ನ ಫೋನ್ ಮಾಡಿ. ತಮ್ಮ ದೇಶದ ಹಬ್ಬಕ್ಕೂ ರಜೆ, ಆ ನಾಡಿನ ಹಬ್ಬಕ್ಕೂ ರಜೆ ಇರುವ ಕಚೇರಿಗಳಿವೆ. ಶನಿವಾರ ಭಾನುವಾರವಾದರೆ ಅವರ ವೆಬ್‌ಸೈಟಿನಲ್ಲಿರುವ ತುರ್ತು ಸಂಖ್ಯೆಗೆ ಕರೆ ಮಾಡಿ, ವಿಮಾನದ ದಿನಾಂಕ ಹೇಳಿ.

ಸಾಮಾನ್ಯವಾಗಿ ಕೇಳುವುದು ಪೊಲೀಸ್ ವರದಿ, ತುಂಬಿದ ಅರ್ಜಿ, ಫೋಟೊ, ಗುರುತಿನ ಪುರಾವೆ, ವಾಪಸು ಟಿಕೆಟ್, ಶುಲ್ಕ. ಫೋಟೊ ತೆಗೆಸುವಾಗ ಅಳತೆ ಕೇಳಿಕೊಳ್ಳಿ. ಬಹಳ ದೇಶಗಳಿಗೆ 35×45 ಮಿಲಿಮೀಟರ್ ಬೇಕು, ಅಮೆರಿಕದ ಪಾಸ್‌ಪೋರ್ಟಿಗೆ ಎರಡು ಅಂಗುಲದ ಚೌಕ ಬೇಕು. ಮಗುವಿನ ಪಾಸ್‌ಪೋರ್ಟ್ ಆದರೆ ತಂದೆ ತಾಯಿ ಇಬ್ಬರ ಸಹಿಯನ್ನೂ ಕೇಳುವುದುಂಟು.

ಗುರುತಿನ ಚೀಟಿಯೂ ಹೋಗಿದ್ದರೆ? ಹೋಟೆಲಿನವರು ಚೆಕ್-ಇನ್ ವೇಳೆ ಇಟ್ಟುಕೊಂಡ ಪಾಸ್‌ಪೋರ್ಟ್ ಪ್ರತಿ ಕೇಳಿ. ವೀಸಾ ಅರ್ಜಿಗೆ ಕಳಿಸಿದ ಸ್ಕ್ಯಾನ್ ನಿಮ್ಮ ಇಮೇಲಿನಲ್ಲಿ ಇದ್ದೇ ಇರುತ್ತದೆ. ಊರಿನಲ್ಲಿರುವವರಿಂದ ಯಾವುದಾದರೂ ಸರ್ಕಾರಿ ಗುರುತಿನ ಫೋಟೊ ತರಿಸಿಕೊಳ್ಳಿ. ಏನೂ ಇಲ್ಲದಿದ್ದರೂ ಹಳೆಯ ಅರ್ಜಿಯ ದಾಖಲೆ ನೋಡಿ, ಪ್ರಶ್ನೆ ಕೇಳಿ ಗುರುತು ಖಚಿತ ಮಾಡಿಕೊಳ್ಳುತ್ತಾರೆ. ಅದಕ್ಕೆ ಹೊತ್ತು ಹಿಡಿಯುತ್ತದೆ ಅಷ್ಟೆ.

ಅಲ್ಲಿ ನಿಮ್ಮ ಮುಂದೆ ಎರಡು ದಾರಿ ಬರುತ್ತವೆ. ಒಂದು ಪೂರ್ಣ ಅವಧಿಯ ಹೊಸ ಪಾಸ್‌ಪೋರ್ಟ್, ಇನ್ನೊಂದು ತುರ್ತು ಪ್ರಯಾಣದ ಕಾಗದ. ಭಾರತದವರಿಗೆ ಅದು 'ಎಮರ್ಜೆನ್ಸಿ ಸರ್ಟಿಫಿಕೇಟ್', ಬ್ರಿಟನ್ನಿನವರಿಗೆ 'ಎಮರ್ಜೆನ್ಸಿ ಟ್ರಾವೆಲ್ ಡಾಕ್ಯುಮೆಂಟ್'. ಅಮೆರಿಕದವರಿಗೆ ಕೊಡುವುದು ಒಂದು ವರ್ಷಕ್ಕೆ ಮೀರದ ತುರ್ತು ಪಾಸ್‌ಪೋರ್ಟ್. ನನ್ನ ಸಲಹೆ ಇಷ್ಟು: ಅಲ್ಲಿಂದ ನೇರ ಮನೆಗೆ ಹೋಗುವುದಾದರೆ ತುರ್ತು ಕಾಗದ ಸಾಕು, ಬೇಗ ಸಿಗುತ್ತದೆ. ಇನ್ನೂ ಎರಡು ದೇಶ ಸುತ್ತುವುದಿದ್ದರೆ, ಅಥವಾ ಅಲ್ಲೇ ಓದುತ್ತ, ದುಡಿಯುತ್ತ ಇದ್ದರೆ, ಹೊಸ ಪಾಸ್‌ಪೋರ್ಟಿಗೇ ಕಾಯಿರಿ. ಭಾರತದ ಎಮರ್ಜೆನ್ಸಿ ಸರ್ಟಿಫಿಕೇಟ್ ಊರಿಗೆ ಮರಳುವ ಒಂದೇ ಪಯಣಕ್ಕೆ. ದಾರಿಯಲ್ಲಿ ವಿಮಾನ ಬದಲಿಸುವುದಿದ್ದರೆ ಆ ದೇಶ ಇಂಥ ಕಾಗದ ಒಪ್ಪುತ್ತದೆಯೇ ಎಂದು ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿ. ಒಪ್ಪದಿದ್ದರೆ ನೇರ ವಿಮಾನವೇ ಗತಿ.

ಬಹಳ ಮಂದಿ ಮರೆಯುವ ಹೆಜ್ಜೆ: ವೀಸಾ

ಪಾಸ್‌ಪೋರ್ಟಿನ ಜೊತೆ ನಿಮ್ಮ ವೀಸಾವೂ ಒಳಬಂದ ಮೊಹರೂ ಹೋಗಿವೆ. ಹೊಸ ಪುಸ್ತಕದ ಹಾಳೆಗಳೆಲ್ಲ ಖಾಲಿ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕೇಳುವ ಮೊದಲ ಮಾತು, 'ಈ ದೇಶಕ್ಕೆ ಯಾವಾಗ ಬಂದಿರಿ?' ಕೆಲವು ದೇಶಗಳಲ್ಲಿ ಹೊರಹೋಗಲಿಕ್ಕೇ ಪ್ರತ್ಯೇಕ ಅನುಮತಿ ಬೇಕು. ಚೀನಾದಲ್ಲಿ ಪೊಲೀಸ್ ದೂರಿನ ಪ್ರಮಾಣಪತ್ರ, ಆಮೇಲೆ ಹೊಸ ಪಾಸ್‌ಪೋರ್ಟ್, ಅದಾದ ಮೇಲೆ ನಿರ್ಗಮನ-ಆಗಮನ ಕಚೇರಿಯಿಂದ ವೀಸಾ, ಹೀಗೆ ಮೂರು ಮೆಟ್ಟಿಲು ಹತ್ತಬೇಕು. ದೂತಾವಾಸದಿಂದ ಹೊರಬೀಳುವ ಮುನ್ನವೇ 'ನಿರ್ಗಮನ ಅನುಮತಿ ಬೇಕೇ, ಎಲ್ಲಿ ಕೊಡುತ್ತಾರೆ, ಎಷ್ಟು ದಿನ' ಎಂದು ಕೇಳಿ ಬರೆದುಕೊಳ್ಳಿ. ಬಂದ ದಿನದ ಬೋರ್ಡಿಂಗ್ ಪಾಸ್, ಇ-ವೀಸಾದ ಪ್ರತಿ ಇದ್ದರೆ ಜೋಪಾನ ಮಾಡಿ.

ಆಮೇಲೆ ಟಿಕೆಟಿನಲ್ಲಿರುವ ಪಾಸ್‌ಪೋರ್ಟ್ ಸಂಖ್ಯೆ ಬದಲಿಸಿ. ನಿಲ್ದಾಣಕ್ಕೆ ಎಂದಿಗಿಂತ ಒಂದು ಗಂಟೆ ಮುಂಚೆ ಹೋಗಿ, ಏಕೆಂದರೆ ಕೌಂಟರಿನವರು ನಾಲ್ಕು ಕಡೆ ವಿಚಾರಿಸಿಯೇ ಬಿಡುತ್ತಾರೆ. ಪೊಲೀಸ್ ವರದಿ, ಅದರ ನಕಲುಗಳು, ಶುಲ್ಕದ ರಸೀದಿ ಎಲ್ಲ ಕೈಚೀಲದಲ್ಲೇ ಇರಲಿ. ತುರ್ತು ಕಾಗದವನ್ನು ತಾಯ್ನಾಡಿನ ನಿಲ್ದಾಣದಲ್ಲಿ ಅಧಿಕಾರಿಗಳು ಇಟ್ಟುಕೊಳ್ಳುವುದುಂಟು. ವಿಮಾನ ಹತ್ತುವ ಮೊದಲೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಹೊಸ ಪಾಸ್‌ಪೋರ್ಟಿನ ಅರ್ಜಿಗೂ, ವಿಮೆಯ ಹಣ ಕೇಳುವುದಕ್ಕೂ ಅದರ ಸಂಖ್ಯೆ ಬೇಕಾಗುತ್ತದೆ.