ಕರಾಟೆ, ಟೇಕ್ವಾಂಡೊ: ವ್ಯತ್ಯಾಸ ಕಣ್ಣಿಗೆ ಕಾಣಬೇಕಾದರೆ ಹೀಗೆ ನೋಡಿ

ಮಗಳನ್ನು ಕರಾಟೆಗೆ ಸೇರಿಸಬೇಕಾ, ಟೇಕ್ವಾಂಡೊಗಾ? ಎರಡರಲ್ಲಿ ಯಾವುದು ಒಳ್ಳೆಯದು? ಈ ಪ್ರಶ್ನೆ ನನ್ನ ಹತ್ತಿರ ಆಗಾಗ ಬರುತ್ತದೆ. ನಾನು ಶಿವಮೊಗ್ಗದಲ್ಲಿ ಶಾಲೆಗೆ ಹೋಗುವಾಗ ಶೋಟೊಕಾನ್ ಎಂಬ ಶಾಖೆಯ ಕರಾಟೆ ಕಲಿತವಳು. ಮುಂದೆ ಕೆಲಸಕ್ಕೆಂದು ದಕ್ಷಿಣ ಕೊರಿಯಾದ ಸುವೊನ್‌ಗೆ ಹೋದಾಗ ಮನೆ ಹತ್ತಿರದ ತರಬೇತಿ ಶಾಲೆ, ಅಂದರೆ ದೋಜಾಂಗ್‌ನಲ್ಲಿ ಮತ್ತೆ ಬಿಳಿ ಬೆಲ್ಟ್ ಕಟ್ಟಿಕೊಂಡು ಟೇಕ್ವಾಂಡೊ ಶುರು ಮಾಡಿದೆ. ಎರಡೂ ನನಗೆ ಪ್ರೀತಿಯವು. ಅದಕ್ಕೇ, ಜಪಾನಿನವರದು ಕೈ, ಕೊರಿಯಾದವರದು ಕಾಲು ಎಂದು ಒಂದೇ ಮಾತಲ್ಲಿ ಮುಗಿಸಿಬಿಡುವುದು ನನಗೆ ಇಷ್ಟವಿಲ್ಲ. ಕಾಲು ಯಾಕೆ ಅಷ್ಟು ಮೇಲೆ ಹೋಗುತ್ತದೆ, ಕೈ ಯಾಕೆ ಅಲ್ಲಿರುತ್ತದೆ ಎಂದು ಕೇಳಬೇಕು. ಅದಕ್ಕೆ ಉತ್ತರ ಬಹುಪಾಲು ಪಂದ್ಯದ ನಿಯಮದಲ್ಲೇ ಸಿಗುತ್ತದೆ.

ಮೊದಲು ಎರಡು ವಿಡಿಯೊ ನೋಡಿ

ಯೂಟ್ಯೂಬ್‌ನಲ್ಲಿ 'ಹೇಯಾನ್ ಶೋದಾನ್' ಅಂತ ಹುಡುಕಿ. ಇದು ಶೋಟೊಕಾನ್ ಕರಾಟೆಯ ಆರಂಭದ ಕಟಾ. ಇನ್ನೊಂದು ಕಡೆ 'ತೇಗುಕ್ ಇಲ್ ಜಾಂಗ್' ಹುಡುಕಿ. ಇದು ಒಲಿಂಪಿಕ್ಸ್‌ನಲ್ಲಿ ನಾವು ನೋಡುವ ಟೇಕ್ವಾಂಡೊ ಶಾಖೆಯ ಮೊದಲ ಪೂಮ್ಸೆ. ಕಟಾ, ಪೂಮ್ಸೆ ಎರಡೂ ಒಂದೇ ಥರದವು. ಎದುರಾಳಿ ಇದ್ದಾನೆ ಅಂದುಕೊಂಡು ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸಾಲು.

ಮೊದಲ ನಾಲ್ಕು ಚಲನೆಗಳ ಮೇಲೆ ಮಾತ್ರ ಗಮನ ಇಡಿ. ಎಡಕ್ಕೆ ತಿರುಗಿ ಕೆಳಗಿನ ತಡೆ. ಒಂದು ಹೆಜ್ಜೆ ಮುಂದಿಟ್ಟು ಪಂಚ್. ಹಿಂದಕ್ಕೆ ತಿರುಗಿ ಮತ್ತೆ ಕೆಳಗಿನ ತಡೆ. ಮತ್ತೆ ಹೆಜ್ಜೆ, ಪಂಚ್. ಎರಡರಲ್ಲೂ ಹೆಚ್ಚು ಕಡಿಮೆ ಇದೇ ಇದೆ!

ಈಗ ಕಾಲು ನೋಡಿ. ಕರಾಟೆಯವರು ಮುಂದಿನ ಮಂಡಿ ಚೆನ್ನಾಗಿ ಬಗ್ಗಿಸಿ, ಹಿಂದಿನ ಕಾಲು ಚಾಚಿ, ಉದ್ದಕ್ಕೆ, ತಗ್ಗಿ ನಿಂತಿರುತ್ತಾರೆ. ಇದು ಝೆನ್‌ಕುತ್ಸು ದಾಚಿ. ಟೇಕ್ವಾಂಡೊದವರು ರಸ್ತೆಯಲ್ಲಿ ನಡೆಯುತ್ತಾ ಇದ್ದವರು ಗಕ್ಕನೆ ನಿಂತಂತೆ ನಿಂತಿರುತ್ತಾರೆ. ಇದು ಆಪ್ ಸೊಗಿ. ತಗ್ಗಿದ ನಿಲುವು ಟೇಕ್ವಾಂಡೊದಲ್ಲೂ ಇದೆ, ಅದಕ್ಕೆ ಆಪ್ ಕುಬಿ ಅಂತಾರೆ. ಇಲ್ ಜಾಂಗ್‌ನಲ್ಲೇ ಅದು ಬಂದು ಹೋಗುತ್ತದೆ. ಆದರೆ ಹೇಯಾನ್ ಶೋದಾನ್‌ನಲ್ಲಿ ಆ ಆಳ ಬಹುತೇಕ ಕೊನೆಯವರೆಗೂ ಬಿಡುವುದಿಲ್ಲ.

ಇನ್ನೊಂದು ಗುರುತು ಇದೆ. ಹೇಯಾನ್ ಶೋದಾನ್‌ನಲ್ಲಿ ಒಂದೂ ಕಿಕ್ ಇಲ್ಲ. ಇಲ್ ಜಾಂಗ್‌ನಲ್ಲಿ ಎರಡು ಮುಂದಿನ ಕಿಕ್ ಇವೆ. ಒಂದು ಕಡೆ ಹೊಸ ಮಗುವಿಗೆ ಮೊದಲು ನಿಲ್ಲುವುದನ್ನು ಕಲಿಸುತ್ತಾರೆ, ಇನ್ನೊಂದು ಕಡೆ ಕಾಲು ಎತ್ತುವುದೂ ಮೊದಲ ಪಾಠದಲ್ಲೇ ಸೇರಿದೆ. ನಿಮ್ಮ ಮಗುವಿನ ಸ್ವಭಾವಕ್ಕೆ ಯಾವುದು ಹೊಂದುತ್ತದೆ ಎನ್ನುವುದು ಇಲ್ಲೇ ಅರ್ಧ ಗೊತ್ತಾಗುತ್ತದೆ.

ಇಷ್ಟೊಂದು ಹೋಲಿಕೆ ಯಾಕೆ?

ಯಾಕೆಂದರೆ ಬೇರು ಒಂದೇ. ಕರಾಟೆ ಬೆಳೆದದ್ದು ಈಗ ಜಪಾನಿಗೆ ಸೇರಿದ ಓಕಿನಾವಾ ದ್ವೀಪದಲ್ಲಿ, ಚೀನಾದ ಕಲೆಗಳ ಪ್ರಭಾವದಲ್ಲಿ. ಓಕಿನಾವಾದ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೊದಲ್ಲಿ ಅದನ್ನು ಪ್ರದರ್ಶಿಸಿದರು. ಆಮೇಲೆ ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ಕರಾಟೆ ಹರಡಿತು. ಆಗ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. 1910ರಿಂದ 1945ರವರೆಗೆ ಅದೇ ಪರಿಸ್ಥಿತಿ. ಓದಲು ಜಪಾನಿಗೆ ಹೋದ ಕೊರಿಯಾದ ಕೆಲವು ಯುವಕರು ಫುನಾಕೋಶಿಯವರ ಬಳಿ ಕಲಿತರು. ಅವರಲ್ಲಿ ಒಬ್ಬರು ಲೀ ವೊನ್ ಕುಕ್. 1944ರಲ್ಲಿ ಸೋಲ್‌ನಲ್ಲಿ ಚುಂಗ್ ದೊ ಕ್ವಾನ್ ಶಾಲೆ ಶುರು ಮಾಡಿದವರು ಅವರೇ. ಸ್ವಾತಂತ್ರ್ಯ ಬಂದ ಮೇಲೆ ಇಂಥ ಹಲವು ಕ್ವಾನ್‌ಗಳು ಹುಟ್ಟಿಕೊಂಡವು. 1955ರಲ್ಲಿ ಸೇನಾಧಿಕಾರಿ ಚೊಯ್ ಹೊಂಗ್ ಹಿ ಮುಂದಾಳುತನದಲ್ಲಿ ಟೇಕ್ವಾಂಡೊ ಎಂಬ ಹೆಸರು ಬಂತು. ಚೊಯ್ ಅವರೂ ಜಪಾನಿನಲ್ಲಿ ಕರಾಟೆ ಕಲಿತವರೇ.

ಟೇಕ್ವಾಂಡೊ ಎರಡು ಸಾವಿರ ವರ್ಷ ಹಳೆಯದು ಎಂದು ಬರೆದದ್ದನ್ನು ನೀವು ಓದಿರಬಹುದು. ಕೊರಿಯಾದಲ್ಲಿ ತೆಕ್ಕ್ಯೊನ್ ಎಂಬ ಹಳೆಯ ಕಾಲಾಟ ಇರುವುದು ನಿಜ. ಯುನೆಸ್ಕೊ 2011ರಲ್ಲಿ ಅದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲಿನ ಬಗ್ಗೆ ಕೊರಿಯಾದವರಿಗೆ ಇರುವ ಹೆಮ್ಮೆಗೆ ಅದು ಆಧಾರ. ಆದರೆ ಕ್ವಾನ್‌ಗಳಲ್ಲಿ ಮೊದಲು ಕಲಿಸಿದ ಪಾಠ ಬಹುಪಾಲು ಕರಾಟೆಯದು. ಇದನ್ನು ಒಪ್ಪಿಕೊಂಡರೆ ಟೇಕ್ವಾಂಡೊದ ಗೌರವ ಕಮ್ಮಿ ಆಗುವುದಿಲ್ಲ. ಹತ್ತಿಪ್ಪತ್ತು ವರ್ಷಗಳಲ್ಲಿ ಒಂದು ಕಲೆಯನ್ನು ಹೀಗೆ ತಮ್ಮದಾಗಿ ಬದಲಿಸಿಕೊಂಡರಲ್ಲ, ನನಗೆ ಅದೇ ದೊಡ್ಡದು. ಇನ್ನೊಂದು ಕಡೆಯಿಂದಲೂ ನೋಡಿ. ಕ್ಯೋಕುಶಿನ್ ಎಂಬ ಬಹಳ ಗಟ್ಟಿ ಕರಾಟೆ ಶಾಖೆಯನ್ನು ಕಟ್ಟಿದ ಮಾಸ್ ಒಯಾಮಾ ಮೂಲತಃ ಕೊರಿಯಾದವರು. ಈ ಎರಡು ದೇಶಗಳ ನಡುವೆ ಗೆರೆ ಎಳೆಯುವುದು ಅಷ್ಟು ಸುಲಭ ಇಲ್ಲ.

ನಿಯಮ ಓದಿ, ಮೈ ಅರ್ಥವಾಗುತ್ತದೆ

ಈ ಭಾಗಕ್ಕೆ ಸ್ವಲ್ಪ ಸಮಯ ಕೊಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ವಿಶ್ವ ಕರಾಟೆ ಫೆಡರೇಷನ್ ಪಂದ್ಯದಲ್ಲಿ ಮುಖಕ್ಕೋ ಮೈಗೋ ಪಂಚ್ ಹಾಕಿದರೆ 1 ಅಂಕ. ಮೈಗೆ ಕಿಕ್ ಬಿದ್ದರೆ 2. ತಲೆಗೆ ಕಿಕ್ ಬಿದ್ದರೆ 3. ಎದುರಾಳಿಯನ್ನು ಬೀಳಿಸಿ, ಬಿದ್ದವರ ಮೇಲೆ ಸರಿಯಾಗಿ ಹೊಡೆತ ಹಾಕಿದರೂ 3. ಆದರೆ ಹೊಡೆತವನ್ನು ಹಿಡಿತದಲ್ಲಿ ಇಟ್ಟುಕೊಂಡಿರಬೇಕು. ಮುಖಕ್ಕೆ ಜೋರಾಗಿ ಬಿದ್ದರೆ ಹೊಡೆದವರಿಗೇ ದಂಡ.

ಒಲಿಂಪಿಕ್ಸ್ ಟೇಕ್ವಾಂಡೊದಲ್ಲಿ ಎದೆಕವಚದ ಮೇಲೆ ಪಂಚ್ ಬಿದ್ದರೆ 1 ಅಂಕ. ಅಲ್ಲಿಗೇ ಕಿಕ್ ಬಿದ್ದರೆ 2, ತಲೆಗೆ ಬಿದ್ದರೆ 3. ಗಿರ್ರನೆ ತಿರುಗಿ ಒದ್ದರೆ ಇನ್ನೂ ಜಾಸ್ತಿ. ಮುಖಕ್ಕೆ ಪಂಚ್ ಹಾಕುವಂತೆಯೇ ಇಲ್ಲ.

ಈ ಕೊನೆಯ ಸಾಲನ್ನು ಹಿಡಿದುಕೊಳ್ಳಿ. ಮುಖಕ್ಕೆ ಪಂಚ್ ಬರುವುದಿಲ್ಲ ಎಂದು ಗೊತ್ತಿದ್ದರೆ ಕೈ ಮೇಲಿಟ್ಟು ಮುಖ ಕಾಯುವ ಅಗತ್ಯ ಕಡಿಮೆ. ಕೈ ಕೆಳಗಿಳಿಯುತ್ತದೆ. ಕಿಕ್‌ಗೇ ಅಂಕ ಜಾಸ್ತಿ, ಹಾಗಾಗಿ ಇಬ್ಬರೂ ಕಾಲಿನ ಉದ್ದದಷ್ಟು ದೂರ ನಿಲ್ಲುತ್ತಾರೆ. ಬೇಗ ಕಾಲೆತ್ತಬೇಕು, ಅದಕ್ಕೆ ನಿಲುವು ಎತ್ತರ, ಪಾದ ಹಗುರ. ಕರಾಟೆಯಲ್ಲಿ ಒಂದೇ ಪಂಚ್ ಮುಖಕ್ಕೆ ಬಂದು ಅಂಕ ಹೋಗಬಹುದು. ಅದಕ್ಕೆ ಕೈ ಮುಂದಿರುತ್ತದೆ. ದೂರದಿಂದ ಬಾಣದ ಹಾಗೆ ಒಳಗೆ ನುಗ್ಗಿ, ಹೊಡೆದು, ತಕ್ಷಣ ಹೊರಗೆ ಬರಬೇಕು. ಹಿಂದಿನ ಕೈಯಿಂದ ಹಾಕುವ ಗ್ಯಾಕು ಝುಕಿ ಪಂಚ್ ಅಲ್ಲಿ ಪದೇ ಪದೇ ಕಾಣುವುದು ಇದಕ್ಕೇ.

ಉಪಕರಣವೂ ಮೈಯನ್ನು ತಿದ್ದುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಿಂದ ಟೇಕ್ವಾಂಡೊದಲ್ಲಿ ಹೊಡೆತ ಬಿದ್ದದ್ದನ್ನು ತಾನೇ ಗುರುತಿಸುವ ಎಲೆಕ್ಟ್ರಾನಿಕ್ ಕವಚ ಬಂತು. ಕಾಲುಚೀಲದಲ್ಲೂ ಸೆನ್ಸರ್. ಆಮೇಲೆ ಆಟಗಾರರು ಮುಂದಿನ ಕಾಲನ್ನು ಎತ್ತಿ ಹಿಡಿದುಕೊಂಡೇ ಕುಪ್ಪಳಿಸುತ್ತಾ, ಅದರಲ್ಲೇ ತಡೆದು ಅದರಲ್ಲೇ ಒದೆಯುವುದು ಹೆಚ್ಚಾಯಿತು. 1988ರ ಸೋಲ್ ಒಲಿಂಪಿಕ್ಸ್‌ನ ಪ್ರದರ್ಶನ ಪಂದ್ಯ ಒಂದನ್ನೂ ಇತ್ತೀಚಿನ ಒಂದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಲೆ ಒಂದೇ, ಆಟವೇ ಬೇರೆ ಅನ್ನಿಸುತ್ತದೆ. ನನಗೆ ಹಳೆಯದೇ ಹೆಚ್ಚು ಇಷ್ಟ.

ಆದರೆ ಒಂದು ಎಚ್ಚರ. ಶಾಖೆ ಬದಲಾದರೆ ಈ ಮಾತೆಲ್ಲ ಬದಲಾಗುತ್ತದೆ. ಚೊಯ್ ಹೊಂಗ್ ಹಿ 1966ರಲ್ಲಿ ಕಟ್ಟಿದ ಐಟಿಎಫ್ (ಅಂತರರಾಷ್ಟ್ರೀಯ ಟೇಕ್ವಾಂಡೊ ಫೆಡರೇಷನ್) ಟೇಕ್ವಾಂಡೊದಲ್ಲಿ ಗ್ಲೌಸ್ ಹಾಕಿಕೊಂಡು ಮುಖಕ್ಕೂ ಪಂಚ್ ಹಾಕುತ್ತಾರೆ. ಕ್ಯೋಕುಶಿನ್ ಕರಾಟೆಯಲ್ಲಿ ಮೈಗೆ ಬರಿಗೈಯಲ್ಲಿ ಪೂರ್ತಿ ಬಲದ ಹೊಡೆತ, ತಲೆಗೆ ಕಿಕ್ ಕೂಡ ಇದೆ, ಆದರೆ ಮುಖಕ್ಕೆ ಪಂಚ್ ಇಲ್ಲ. ಓಕಿನಾವಾದ ಗೋಜು ರ್‍ಯೂನಲ್ಲಿ ನಿಲುವು ಗಿಡ್ಡ, ಎದುರಾಳಿ ತೀರಾ ಹತ್ತಿರ, ಉಸಿರಾಟದ ಅಭ್ಯಾಸಕ್ಕೆ ದೊಡ್ಡ ಜಾಗ. ಹಾಗಾಗಿ ಬರೀ 'ಕರಾಟೆ', 'ಟೇಕ್ವಾಂಡೊ' ಎಂದು ಕೇಳಿದರೆ ಸಾಲದು. ಯಾವ ಶಾಖೆ ಅಂತ ಕೇಳಿ.

ನಿಮ್ಮ ಮೈಯಲ್ಲೇ ಪರೀಕ್ಷೆ ಮಾಡಿ

ಪಕ್ಕದಿಂದ ಸುತ್ತಿ ಒದೆಯುವ ಕಿಕ್ ಎರಡರಲ್ಲೂ ಇದೆ, ಅದನ್ನೇ ಎರಡು ರೀತಿಯಲ್ಲಿ ಮಾಡಿ ನೋಡಿ. ಒಂದು ಗಟ್ಟಿ ಕುರ್ಚಿಯ ಬೆನ್ನು ಹಿಡಿದು ನಿಂತುಕೊಳ್ಳಿ. ನುಣುಪಾದ ನೆಲ ಇರಲಿ, ಬರಿಗಾಲು ಇರಲಿ. ಸುಮ್ನೆ ನಿಧಾನವಾಗಿ, ಸೊಂಟದ ಎತ್ತರಕ್ಕೆ ಮಾತ್ರ ಮಾಡಿ. ಮೊದಲು ಮೈ ಬಿಸಿ ಮಾಡಿಕೊಳ್ಳಿ. ಮಂಡಿ ಅಥವಾ ಸೊಂಟದ ನೋವು ಇದ್ದವರು ಇದನ್ನು ಬಿಟ್ಟುಬಿಡಿ.

ಮೊದಲು ಶೋಟೊಕಾನ್‌ನ ಮವಾಶಿ ಗೇರಿ. ಮಂಡಿಯನ್ನು ಪಕ್ಕದಿಂದ ಎತ್ತಿ, ಬೆನ್ನು ಆದಷ್ಟು ನೇರ ಇಟ್ಟು, ಅರ್ಧ ಸುತ್ತಿನಲ್ಲಿ ಒದೆಯಿರಿ. ಒದ್ದ ಕೂಡಲೇ ಪಾದವನ್ನು ತೊಡೆಯ ಕಡೆಗೆ ಸೆಳೆದುಕೊಂಡು ಆಮೇಲೆ ನೆಲಕ್ಕೆ ಇಡಿ. ಈಗ ಕೇಳಿಕೊಳ್ಳಿ: ಇಲ್ಲಿಂದ ತಕ್ಷಣ ಒಂದು ಪಂಚ್ ಹಾಕಬಹುದಾ? ಹಾಕಬಹುದು. ಸೊಂಟ ನಿಮ್ಮ ಕೆಳಗೇ ಇದೆ.

ಇನ್ನು ಟೇಕ್ವಾಂಡೊದ ದೊಲ್ಯೊ ಚಾಗಿ. ಮಂಡಿಯನ್ನು ನೇರ ಮುಂದಕ್ಕೆ ಎತ್ತಿ. ಆಮೇಲೆ ನೆಲದ ಮೇಲಿರುವ ಕಾಲಿನ ಹಿಮ್ಮಡಿಯನ್ನು ಎದುರಾಳಿಯ ಕಡೆಗೆ ತಿರುಗಿಸಿ, ಸೊಂಟ ಹೊರಳಿಸಿ, ಮೈಯನ್ನು ಹಿಂದಕ್ಕೆ ಬಾಗಿಸಿ ಒದೆಯಿರಿ. ಕಾಲು ಎಷ್ಟು ಮುಂದೆ ಹೋಯಿತು ನೋಡಿ! ನಿಮ್ಮ ತಲೆಯೂ ಎದುರಾಳಿಯಿಂದ ದೂರ ಸರಿಯಿತು. ಆದರೆ ಪಂಚ್ ಹಾಕಲು ಮೈ ಮತ್ತೆ ನೆಟ್ಟಗಾಗಬೇಕು.

ಇದನ್ನೇ ಗುಂಪಾಗಿ, ವೇಗವಾಗಿ ಮಾಡಿಸುವ ಕ್ಲಾಸಿನಲ್ಲಿ ನೆಲ ನೋಡಿ. ನೆಲದ ಮೇಲಿನ ಪಾದ ಸಲೀಸಾಗಿ ತಿರುಗಬೇಕು. ತಾರಸಿಯ ಒರಟು ಸಿಮೆಂಟ್ ಮೇಲೆ ಪಾದ ಅಂಟಿಕೊಂಡರೆ ಆ ತಿರುಚು ಪೂರ್ತಿ ಮಂಡಿಗೆ ಬೀಳುತ್ತದೆ. ಕಿಕ್ ಹೆಚ್ಚು ಇರುವ ಟೇಕ್ವಾಂಡೊದಲ್ಲಂತೂ ಮ್ಯಾಟ್ ಇಲ್ಲದ ಜಾಗಕ್ಕೆ ಮಕ್ಕಳನ್ನು ಸೇರಿಸಬೇಡಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಉಳಿದ ಜೋಡಿಗಳು

ಜೂಡೊ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕಾನೊ ಜಿಗೊರೊ 1882ರಲ್ಲಿ ಟೋಕಿಯೊದಲ್ಲಿ ಶುರು ಮಾಡಿದ ಅದೇ ಕಲೆಯನ್ನು ಕೊರಿಯಾದಲ್ಲಿ ಯೂಡೊ ಅಂತಾರೆ. ನಿಯಮ ಒಂದೇ. ಬಿದಿರು ಕತ್ತಿಯ ಕೆಂಡೊ ಮತ್ತು ಕುಮ್ಡೊ ಕೂಡ ಬಹಳ ಹತ್ತಿರ. ಪಂದ್ಯಕ್ಕೆ ಮುಂಚೆ ಜಪಾನಿನವರು ತುದಿಗಾಲಲ್ಲಿ ಕುಕ್ಕರಗಾಲು ಕೂರುತ್ತಾರೆ, ಕೊರಿಯಾದವರು ನಿಂತೇ ಇರುತ್ತಾರೆ. ಇದೊಂದು ಸುಲಭದ ಗುರುತು.

ಐಕಿಡೊ ಮತ್ತು ಹಾಪ್ಕಿಡೊ ಕತೆ ಬೇರೆ. ಎರಡರ ಕೀಲು ತಿರುಚುವ ಪಟ್ಟುಗಳೂ ಜಪಾನಿನ ದೈತೊ ರ್‍ಯೂ ಕಲೆಯ ಕಡೆಗೇ ಬೆರಳು ತೋರಿಸುತ್ತವೆ. ಆದರೆ ಐಕಿಡೊದಲ್ಲಿ ಕಿಕ್ ಅಭ್ಯಾಸ ಇಲ್ಲವೆನ್ನುವಷ್ಟು ಕಡಿಮೆ, ಹೆಚ್ಚಿನ ಕಡೆ ಸ್ಪರ್ಧೆಯೂ ಇಲ್ಲ. ಹಾಪ್ಕಿಡೊದಲ್ಲಿ ಕಿಕ್, ಪಂಚ್, ಎತ್ತಿಹಾಕುವುದು ಎಲ್ಲ ಸೇರಿದೆ. ಕೈ ಹಿಡಿದವರಿಂದ ಬಿಡಿಸಿಕೊಳ್ಳುವುದೇ ನಿಮ್ಮ ಮುಖ್ಯ ಉದ್ದೇಶವಾಗಿದ್ದರೆ ಕರಾಟೆ, ಟೇಕ್ವಾಂಡೊ ಎರಡಕ್ಕಿಂತ ಮೊದಲು ಹಾಪ್ಕಿಡೊ ಅಥವಾ ಜೂಡೊ ಹತ್ತಿರದಲ್ಲಿದೆಯಾ ವಿಚಾರಿಸಿ.

ಕ್ಲಾಸಿಗೆ ಹೋಗಿ ಕೂತು ನೋಡಿ

ನಮ್ಮ ಊರುಗಳಲ್ಲಿ ಒಂದೇ ಬೋರ್ಡಿನ ಮೇಲೆ ಕರಾಟೆ, ಟೇಕ್ವಾಂಡೊ, ಕುಂಗ್‌ಫು, ಕಿಕ್‌ಬಾಕ್ಸಿಂಗ್ ಎಲ್ಲ ಬರೆದಿರುತ್ತದೆ. ಎಣಿಕೆ ಕೇಳಿಸಿಕೊಳ್ಳಿ. ಇಚಿ, ನಿ, ಸಾನ್ ಎಂದರೆ ಜಪಾನೀ. ಹನಾ, ದುಲ್, ಸೆತ್ ಎಂದರೆ ಕೊರಿಯನ್. ಬಟ್ಟೆ ನೋಡಿ. ಎದೆಯ ಮೇಲೆ ಒಂದರ ಮೇಲೊಂದು ಬರುವಂತೆ ಮುಚ್ಚುವ ಅಂಗಿ ಕರಾಟೆಯದು. ತಲೆ ಮೇಲಿಂದ ಹಾಕುವ, ಇಂಗ್ಲಿಷಿನ ವಿ ಅಕ್ಷರದಂಥ ಕುತ್ತಿಗೆ ಇರುವ ದೊಬೊಕ್ ಒಲಿಂಪಿಕ್ಸ್ ಶಾಖೆಯ ಟೇಕ್ವಾಂಡೊದ್ದು. ಬ್ಲ್ಯಾಕ್ ಬೆಲ್ಟ್ ಯಾವ ಸಂಸ್ಥೆಯಿಂದ ಬರುತ್ತದೆ ಎಂದು ಕೇಳಿ. ಒಲಿಂಪಿಕ್ಸ್ ಶಾಖೆಯ ಟೇಕ್ವಾಂಡೊದಲ್ಲಿ ಸೋಲ್‌ನ ಕುಕ್ಕಿವೊನ್ ಕೊಡುವ ಪ್ರಮಾಣಪತ್ರವೇ ಮುಖ್ಯ. 15 ವರ್ಷದೊಳಗಿನ ಮಕ್ಕಳಿಗೆ ಅದನ್ನು ಡಾನ್ (ಬ್ಲ್ಯಾಕ್ ಬೆಲ್ಟ್ ದರ್ಜೆ) ಬದಲು ಪೂಮ್ ಎಂದು ಕೊಡುತ್ತಾರೆ. ಬೆಲ್ಟ್ ಅರ್ಧ ಕೆಂಪು, ಅರ್ಧ ಕಪ್ಪು.

ಬೆಲ್ಟ್ ಬೇಗ ಸಿಗುತ್ತದಾ, ತಡವಾಗಿ ಸಿಗುತ್ತದಾ ಎನ್ನುವುದನ್ನು ಗುಣಮಟ್ಟದ ಅಳತೆ ಮಾಡಿಕೊಳ್ಳಬೇಡಿ. ಕೊರಿಯಾದಲ್ಲಿ ಮಗು ದಿನಾ ಹೋಗುತ್ತದೆ. ಶಾಲೆ ಬಿಟ್ಟ ಕೂಡಲೇ ದೋಜಾಂಗ್‌ನ ವ್ಯಾನ್ ಬಂದು ಕರೆದುಕೊಂಡು ಹೋಗುತ್ತದೆ, ಹಗ್ಗದಾಟವೂ (ಸ್ಕಿಪ್ಪಿಂಗ್) ಅಲ್ಲೇ. ಒಂದು ವರ್ಷ, ಅದಕ್ಕಿಂತ ಸ್ವಲ್ಪ ಹೆಚ್ಚಿನಲ್ಲಿ ಮೊದಲ ಪೂಮ್ ಆಗಿಬಿಡುತ್ತದೆ. ಅಲ್ಲಿ ಅದು ಆರಂಭದ ಮೆಟ್ಟಿಲು. ಶೋಟೊಕಾನ್‌ನಲ್ಲಿ ಅದೇ ಹಂತಕ್ಕೆ ಹಲವು ವರ್ಷ ಹಿಡಿಯುತ್ತದೆ.

ನೋಡಲು ಹೋದ ಕ್ಲಾಸಿನ ಬ್ಲ್ಯಾಕ್ ಬೆಲ್ಟ್ ಹುಡುಗರನ್ನು ನೋಡಿ ಮರುಳಾಗಬೇಡಿ. ಹಳದಿ, ಕಿತ್ತಳೆ ಬೆಲ್ಟ್‌ನವರನ್ನು ನೋಡಿ. ಅವರ ಮಂಡಿ ಪಾದದ ದಿಕ್ಕಿನಲ್ಲೇ ಬಾಗುತ್ತದಾ? ತಪ್ಪಿದಾಗ ಸರ್ ಅಥವಾ ಮೇಡಂ ಹತ್ತಿರ ಬಂದು ತಿದ್ದುತ್ತಾರಾ, ಇಲ್ಲಾ ದೂರದಿಂದ ಕೂಗುತ್ತಾರಾ? ಮನೆ ಹತ್ತಿರ ಒಂದು ಕಡೆ ಒಳ್ಳೆಯ ಗುರು, ಇನ್ನೊಂದು ಕಡೆ ನಿಮಗಿಷ್ಟದ ಶಾಖೆ ಇದ್ದರೆ, ಕಣ್ಣು ಮುಚ್ಚಿ ಗುರುವಿನ ಕಡೆ ಹೋಗಿ.

ಒಂದರಿಂದ ಇನ್ನೊಂದಕ್ಕೆ ಹೋಗುವವರಿಗೆ

ಕರಾಟೆಯಿಂದ ಟೇಕ್ವಾಂಡೊಗೆ ಹೋಗುವವರು ಮೊದಲ ಕೆಲವು ತಿಂಗಳು ತೊಡೆಯ ಹಿಂಭಾಗದ ಸ್ನಾಯು ಹಿಗ್ಗಿಸುವುದಕ್ಕೆ ಮತ್ತು ನಿಂತ ಪಾದ ತಿರುಗಿಸುವುದಕ್ಕೇ ಹೆಚ್ಚು ಸಮಯ ಕೊಡಿ. ತಗ್ಗಿದ ನಿಲುವಿನ ಅಭ್ಯಾಸ ಇರುವುದರಿಂದ ಹಗುರವಾಗಿ ಕುಪ್ಪಳಿಸುವುದು ಕಷ್ಟ ಅನ್ನಿಸುತ್ತದೆ. ಹಗ್ಗದಾಟ ಆಡಿ, ಅದರಷ್ಟು ಉಪಯೋಗ ಬೇರೆ ಯಾವುದರಿಂದಲೂ ನನಗೆ ಆಗಿಲ್ಲ. ಟೇಕ್ವಾಂಡೊದಿಂದ ಕರಾಟೆಗೆ ಹೋಗುವವರು ಕೈ ಮೇಲೆತ್ತುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ. ಮುಖಕ್ಕೆ ಪಂಚ್ ಬರುವ ದೂರ ಎಷ್ಟು ಎನ್ನುವುದು ಕಣ್ಣಿಗೆ ಹೊಸದು. ಒಬ್ಬ ಜೊತೆಗಾರರ ಹತ್ತಿರ ನಿಧಾನವಾಗಿ ಬರೀ ಮುಂದಿನ ಕೈಯಿಂದ ಪಂಚ್ ಹಾಕಿಸಿಕೊಂಡು, ಅರ್ಧ ಹೆಜ್ಜೆ ಹಿಂದೆ ಸರಿಯುವುದನ್ನಷ್ಟೇ ದಿನಾ ಮಾಡಿ. ಎರಡು ಕಡೆಯೂ ಹಳೆಯ ಬೆಲ್ಟ್ ಮನೆಯಲ್ಲಿಟ್ಟು ಬಿಳಿ ಬೆಲ್ಟ್ ಕಟ್ಟಿಕೊಂಡೇ ಹೋಗಿ. ಹಾಗೆ ಹೋದರೆ ಗುರುಗಳು ನಿಮಗೆ ಮೊದಲಿನಿಂದ ಹೇಳಿಕೊಡುತ್ತಾರೆ.