ಎರಡು ಡಿಸ್ಕಿಗೆ ಹಂಚಿದ ಹಾಡು: ನನ್ನ ರೇಡ್ 0 ವಾಪಸ್ ತಂದ ಅನುಭವ

ಮೈಸೂರಿನ ಕುವೆಂಪುನಗರದಲ್ಲಿ ಮನೆಯಲ್ಲೇ ಕೂತು ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಮದುವೆ, ಗೃಹಪ್ರವೇಶದ ಕೆಲಸದಿಂದ ಮನೆ ನಡೆಯುತ್ತದೆ. ಉಳಿದ ಸಮಯವೆಲ್ಲ ಕಂಸಾಳೆಯವರ, ನೀಲಗಾರರ ಪದಗಳನ್ನು ಚಿತ್ರೀಕರಿಸುವುದಕ್ಕೆ ಹೋಗುತ್ತದೆ. ಸುತ್ತೂರು ಜಾತ್ರೆ, ಮಾದಪ್ಪನ ಬೆಟ್ಟ, ನಂಜನಗೂಡು ಸುತ್ತಿನ ಹಳ್ಳಿಗಳು, ಹೀಗೆ ಎಂಟು ವರ್ಷದ್ದು ಸೇರಿ ಸುಮಾರು 6 ಟಿಬಿ ಆಗಿದೆ. ಅದರಲ್ಲಿ ಹಾಡಿದ ಕೆಲವರು ಈಗ ಇಲ್ಲ. ಅವರ ದನಿ ಇನ್ನೊಮ್ಮೆ ರೆಕಾರ್ಡ್ ಮಾಡಿಕೊಳ್ಳೋಣ ಅಂದರೆ ಆಗುವ ಮಾತಲ್ಲ.

ಅಷ್ಟೂ ಇದ್ದದ್ದು ಲಿನಕ್ಸ್ ಕಂಪ್ಯೂಟರಿನಲ್ಲಿ, ಎರಡು 4 ಟಿಬಿ ಹಾರ್ಡ್ ಡಿಸ್ಕ್ ಸೇರಿಸಿ ಒಂದೇ ಡಿಸ್ಕಿನಂತೆ ಮಾಡಿದ ರೇಡ್ 0ನಲ್ಲಿ. ಒಂದೇ ಡಿಸ್ಕ್ ಸೆಕೆಂಡಿಗೆ 150 ಎಂಬಿ ಆಸುಪಾಸು ಕೊಡುತ್ತಿತ್ತು, ಎರಡು ಸೇರಿ 300. ಎರಡು ಕ್ಯಾಮೆರಾದ 4ಕೆ ವಿಡಿಯೊ ಒಟ್ಟಿಗೆ ತೆರೆದರೂ ತಡವರಿಸುತ್ತಿರಲಿಲ್ಲ.

ರೇಡ್ 0 ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿದವರಿಗೆ ನಾನು ಹೀಗೆ ಹೇಳುತ್ತೇನೆ. ಒಂದು ಪುಸ್ತಕದ ಬೆಸ ಪುಟಗಳನ್ನು ಒಂದು ಕಟ್ಟು ಮಾಡಿ, ಸಮ ಪುಟಗಳನ್ನು ಇನ್ನೊಂದು ಕಟ್ಟು ಮಾಡಿದ ಹಾಗೆ. ನನ್ನದರಲ್ಲಿ ಒಂದೊಂದು ಪುಟ 512 ಕೆಬಿ. ಇಬ್ಬರು ಒಟ್ಟಿಗೆ ಓದುವುದರಿಂದ ಬೇಗ ಮುಗಿಯುತ್ತದೆ. ಆದರೆ ಒಂದು ಕಟ್ಟು ಕಳೆದುಹೋದರೆ ಉಳಿದ ಕಟ್ಟಿನಿಂದ ಒಂದು ಕತೆಯೂ ಪೂರ್ತಿ ಸಿಗುವುದಿಲ್ಲ. 1988ರಲ್ಲಿ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ರೇಡ್ ಬಗ್ಗೆ ಬರೆದಾಗ 1ರಿಂದ 5ರವರೆಗಿನ ಬಗೆಗಳನ್ನಷ್ಟೇ ಹೇಳಿದ್ದರು. ಈ ಸೊನ್ನೆ ಆಮೇಲೆ ಸೇರಿಕೊಂಡದ್ದು. ಒಂದು ಹೋದರೆ ಇನ್ನೊಂದು ಕಾಯುವ ಗುಣ ಇದಕ್ಕೆ ಸೊನ್ನೆಯೇ.

ಇದು ಗೊತ್ತಿದ್ದೇ ಎರಡು ಪ್ರತಿ ಇಟ್ಟಿದ್ದೆ. ಎರಡು 8 ಟಿಬಿ ಯುಎಸ್‌ಬಿ ಡಿಸ್ಕ್. ಒಂದು ಮನೆಯಲ್ಲಿ, ಅದಕ್ಕೆ ಪ್ರತಿ ಭಾನುವಾರ ರಾತ್ರಿ ಫೈಲುಗಳನ್ನು ನಕಲು ಮಾಡುವ ಆರ್‌ಸಿಂಕ್ ಓಡುತ್ತಿತ್ತು. ಇನ್ನೊಂದು ಮಂಡ್ಯದಲ್ಲಿ ಅಕ್ಕನ ಮನೆಯಲ್ಲಿ. ಎರಡು ತಿಂಗಳಿಗೊಮ್ಮೆ ಹೋದಾಗ ಅದಲು ಬದಲು ಮಾಡಿಕೊಂಡು ಬರುತ್ತಿದ್ದೆ.

ಡಿಸ್ಕ್ ಕೈಕೊಟ್ಟದ್ದು ಒಂದು ಗುರುವಾರ ರಾತ್ರಿ. ಟೈಮ್‌ಲೈನ್ ಒಂದೇ ಜಾಗದಲ್ಲಿ ನಿಂತುಬಿಟ್ಟಿತು. ಕಿವಿ ಇಟ್ಟು ಕೇಳಿದರೆ ಕ್ಯಾಬಿನೆಟ್ ಒಳಗಿಂದ ಟಿಕ್, ಟಿಕ್ ಅನ್ನುವ ಸಣ್ಣ ಸದ್ದು. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ತೆಗೆದು ನೋಡಿದೆ. 197ನೇ ಸಾಲು, ಅಂದರೆ ಓದಲು ಬಾರದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕಿನ ಸಣ್ಣ ಸಣ್ಣ ತುಂಡುಗಳ) ಲೆಕ್ಕ, ಹಿಂದೆ ಸೊನ್ನೆ ಇದ್ದದ್ದು ಈಗ ನೂರು ದಾಟಿತ್ತು. ಊರೂರು ತಿರುಗುತ್ತಿದ್ದರಿಂದ ಹಿಂದಿನ ಭಾನುವಾರ ಬ್ಯಾಕಪ್ ಡಿಸ್ಕ್ ಚುಚ್ಚಿಯೇ ಇರಲಿಲ್ಲ. 11 ದಿನದ ಚಿತ್ರೀಕರಣ ಎಲ್ಲೂ ಇಲ್ಲ. ಕೊಳ್ಳೇಗಾಲದ ಕಡೆಯ ಹಿರಿಯರೊಬ್ಬರು ಒಂದೂವರೆ ಗಂಟೆ ಹಾಡಿದ ಮಾದಪ್ಪನ ಕತೆಯೂ ಅದರಲ್ಲೇ ಇತ್ತು.

ಆ ರಾತ್ರಿ ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ ಕಂಪ್ಯೂಟರ್ ಆಫ್ ಮಾಡಿ ಮಲಗಿದ್ದು. ಫೈಲ್ ವ್ಯವಸ್ಥೆಯ ದೋಷ ತಿದ್ದುವ ಎಫ್‌ಎಸ್‌ಸಿಕೆ ಓಡಿಸಲಿಲ್ಲ. ಸಾಯುತ್ತಿರುವ ಡಿಸ್ಕಿನ ಮೇಲೆ ಅದು ರಿಪೇರಿ ಅಂತ ಬರೆಯುವುದಕ್ಕೆ ಹೊರಟರೆ ಇರುವುದೂ ಹೋಗುತ್ತದೆ. ಗೆಳೆಯನೊಬ್ಬ ಫೋನಿನಲ್ಲಿ, 'ರೇಡ್ ಮತ್ತೆ ಕ್ರಿಯೇಟ್ ಮಾಡಿಬಿಡು, ಸರಿ ಹೋಗುತ್ತೆ' ಅಂದ. ಇದನ್ನು ಯಾರೂ ಮಾಡಬೇಡಿ. ಹಳೆಯದನ್ನು ಜೋಡಿಸುವುದಕ್ಕೆ ಅಸೆಂಬಲ್ ಅಂತ ಬೇರೆ ಆದೇಶವೇ ಇದೆ. ಕ್ರಿಯೇಟ್ ಅಂದರೆ ಡಿಸ್ಕಿನಲ್ಲಿರುವ ರೇಡ್ ಜೋಡಣೆಯ ಹಳೆಯ ಗುರುತಿನ ಮೇಲೆ ಹೊಸ ಗುರುತು ಬರೆಯುತ್ತದೆ. ಡಿಸ್ಕುಗಳ ಕ್ರಮ ಅಥವಾ ಪುಟದ ಅಳತೆ ತಪ್ಪಿದರೆ ಕತೆ ಕಲಸುಮೇಲೋಗರ.

ಮಾರನೆಯ ದಿನ ಹೊಸ 4 ಟಿಬಿ ಡಿಸ್ಕ್ ತಂದೆ. ಹಳೆಯದಕ್ಕಿಂತ ಒಂದು ಸೆಕ್ಟರ್ ಕೂಡ ಕಮ್ಮಿ ಇರಬಾರದು, ಅದನ್ನು ಮೊದಲು ನೋಡಿಕೊಂಡೆ. ಆಮೇಲೆ ಡಿಡಿರೆಸ್ಕ್ಯೂ. ಇದು ಫೈಲ್ ಏನು, ಫೋಲ್ಡರ್ ಏನು ಅಂತ ನೋಡುವುದಿಲ್ಲ. ಕೆಟ್ಟ ಡಿಸ್ಕನ್ನು ಸೆಕ್ಟರ್ ಸೆಕ್ಟರ್ ಹೊಸದಕ್ಕೆ ಇಳಿಸುತ್ತದೆ. ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಂಡು ಕೆಟ್ಟ ಜಾಗ ಬಿಟ್ಟು ಮುಂದೆ ಹೋಗುತ್ತದೆ. ಎಲ್ಲಿ ಬಿಟ್ಟೆ ಅನ್ನುವುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಫೈಲನ್ನು ಮೂರನೆಯ ಡಿಸ್ಕಿನಲ್ಲಿ ಇಡಬೇಕು. ನಡುವೆ ಕರೆಂಟ್ ಹೋಗಿ ಯುಪಿಎಸ್ ಕೂಡ ಮುಗಿಯಿತು. ಆದರೆ ಮ್ಯಾಪ್ ಇದ್ದುದರಿಂದ ನಿಂತಲ್ಲಿಂದಲೇ ಮತ್ತೆ ಶುರುವಾಯಿತು. ಮೊದಲ ಸುತ್ತು ಒಂದು ಹಗಲು, ಆಮೇಲೆ ಕೆಟ್ಟ ಜಾಗಗಳಿಗೆ ಮೂರು ಮೂರು ಸಲ ಪ್ರಯತ್ನಿಸುವುದಕ್ಕೆ ಎರಡು ರಾತ್ರಿ. ಕೊನೆಗೂ ಓದಲಾಗದೆ ಉಳಿದದ್ದು 2 ಎಂಬಿಗೂ ಕಮ್ಮಿ.

ಆ 2 ಎಂಬಿ ಯಾವ ಫೈಲುಗಳಿಗೆ ಸೇರಿದ್ದು? ಸುಮ್ನೆ ನೋಡಿದರೆ ಗೊತ್ತಾಗುವುದಿಲ್ಲ. ಡಿಡಿರೆಸ್ಕ್ಯೂನಲ್ಲೇ ಇದಕ್ಕೊಂದು ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು. ಓದಲಾಗದ ಸೆಕ್ಟರ್‌ಗಳ ಜಾಗದಲ್ಲಿ ನಾವು ಕೊಟ್ಟ ಪದವನ್ನು ತುಂಬಿಸಬಹುದು. ನಾನು 'ತೂತು' ಅಂತ ಕನ್ನಡದಲ್ಲೇ ಬರೆದ ಸಣ್ಣ ಫೈಲ್ ಮಾಡಿ, ಹೊಸ ಪ್ರತಿಯಲ್ಲಿ ಅದನ್ನು ತುಂಬಿಸಿದೆ. ಹಳೆಯ ಡಿಸ್ಕನ್ನು ಮುಟ್ಟಲಿಲ್ಲ. ಆಮೇಲೆ ಅದನ್ನು ಕೇಬಲ್ ಸಮೇತ ಕಿತ್ತು ಪಕ್ಕಕ್ಕಿಟ್ಟೆ. ಎರಡರಲ್ಲೂ ಒಂದೇ ಗುರುತು ಇರುತ್ತದಲ್ವಾ, ಒಟ್ಟಿಗೆ ಇದ್ದರೆ ರೇಡ್ ಯಾವುದನ್ನು ಸೇರಿಸಿಕೊಳ್ಳುತ್ತದೋ ಹೇಳಲಾಗದು. ಚೆನ್ನಾಗಿದ್ದ ಡಿಸ್ಕ್ ಮತ್ತು ಹೊಸ ಪ್ರತಿ ಎರಡನ್ನೂ ಓದುವುದಕ್ಕೆ ಮಾತ್ರ ಅನ್ನುವ ರೀತಿಯಲ್ಲಿ ಅಸೆಂಬಲ್ ಮಾಡಿದೆ. ಫೋಲ್ಡರುಗಳು ಕಂಡವು. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಅಷ್ಟೂ ಫೈಲುಗಳಲ್ಲಿ 'ತೂತು' ಹುಡುಕುವುದಕ್ಕೆ ಆರು ಗಂಟೆ ಹಿಡಿಯಿತು. ಸಿಕ್ಕಿದ್ದು ನಾಲ್ಕು ಫೈಲ್. ಮೂರು ಬ್ಯಾಕಪ್‌ನಲ್ಲಿ ಚೆನ್ನಾಗಿದ್ದವು. ನಾಲ್ಕನೆಯದು ಕೊಳ್ಳೇಗಾಲದ ಆ ಹಿರಿಯರದ್ದು. 47ನೇ ನಿಮಿಷದಲ್ಲಿ ಒಂದು ಸೆಕೆಂಡಿನಷ್ಟು ಹೊತ್ತು ಚಿತ್ರ ಹಸಿರು ಚೌಕಗಳಾಗಿ ಒಡೆಯುತ್ತದೆ. ದನಿ ಬೇರೆ ರೆಕಾರ್ಡರಿನಲ್ಲಿತ್ತು, ಅದಕ್ಕೆ ಏನೂ ಆಗಿರಲಿಲ್ಲ.

ಇಷ್ಟಾದ ಮೇಲೆ ಬ್ಯಾಕಪ್ ಜೊತೆ ತಾಳೆ ನೋಡಿದೆ. ಆಗ ಗೊತ್ತಾಯಿತು, ಬ್ಯಾಕಪ್‌ನಲ್ಲಿ 41 ಹಳೆಯ ಫೈಲುಗಳು ಇರಲೇ ಇಲ್ಲ. ಹೆಸರುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದೆ. 'ಸುತ್ತೂರು 10:30', 'ಪುನ: ಚಿತ್ರೀಕರಣ', 'ದು:ಖದ ಪದ'. ಎಲ್ಲದರಲ್ಲೂ ಎರಡು ಚುಕ್ಕೆ. ಗಂಟೆ ನಿಮಿಷದ ನಡುವೆ ಒಂದು, ವಿಸರ್ಗ ಸಿಗದೆ ಕೋಲನ್ ಒತ್ತಿದ್ದು ಇನ್ನೊಂದು. ನನ್ನ ರೇಡ್‌ನಲ್ಲಿದ್ದ ಎಕ್ಸ್‌ಟಿ4 ಅನ್ನುವ ಲಿನಕ್ಸ್ ಫೈಲ್ ವ್ಯವಸ್ಥೆಗೆ ಕೋಲನ್ ಆದರೂ ಸರಿ. ಅಕ್ಕನ ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ತೆರೆಯಲಿ ಅಂತ ಬ್ಯಾಕಪ್ ಡಿಸ್ಕುಗಳನ್ನು ಎಕ್ಸ್‌ಫ್ಯಾಟ್ ಅನ್ನುವ ಬೇರೆ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿದ್ದೆ, ಅದು ಹೆಸರಿನಲ್ಲಿ ಕೋಲನ್ ಒಪ್ಪುವುದಿಲ್ಲ. ಆರ್‌ಸಿಂಕ್ ಪ್ರತಿ ಭಾನುವಾರವೂ ಈ ಫೈಲುಗಳ ಹೆಸರು ಹಿಡಿದು ದೂರು ಹೇಳಿತ್ತು. ಆ ದೂರನ್ನು ಉಳಿಸಿಡುವ ಏರ್ಪಾಡು ನಾನು ಮಾಡಿರಲಿಲ್ಲ. ಡಿಸ್ಕ್ ಪೂರ್ತಿ ಸತ್ತಿದ್ದರೆ ಆ 41 ಹಾಡು ಹೋಗುತ್ತಿದ್ದವು. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈ ಬರಹ ಬರೆಯುವುದಕ್ಕೆ ಕಾರಣವೇ ಇದು. ನಿಮ್ಮ ಬ್ಯಾಕಪ್‌ನಲ್ಲಿ ಎಷ್ಟು ಫೈಲ್ ಇವೆ, ಮೂಲದಲ್ಲಿ ಎಷ್ಟು ಇವೆ, ಇವತ್ತೇ ಎಣಿಸಿ ನೋಡಿ.

11 ದಿನದ ಕೆಲಸವನ್ನೂ ಈ 41ನ್ನೂ ಹೆಸರು ತಿದ್ದಿ ಮನೆಯ ಡಿಸ್ಕಿಗೆ ಹಾಕಿದೆ. ಆದರೆ ಹಳೆಯ ರೇಡ್ ಅಳಿಸುವ ಮುಂಚೆ ಎರಡು ಕಡೆ ಪ್ರತಿ ಇರಬೇಕು. ಬೆಳಗಿನ ರೈಲು ಹತ್ತಿ ಮಂಡ್ಯಕ್ಕೆ ಹೋದೆ. 'ಬೀರುನಲ್ಲಿ ಸೀರೆ ಮಧ್ಯೆ ಇಟ್ಟಿದೀನಿ ಕಣೋ, ಒಂದಿನಾನೂ ಅಲ್ಲಾಡಿಸಿಲ್ಲ' ಅಂತ ಅಕ್ಕ ತೆಗೆದುಕೊಟ್ಟಳು. ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಚೆನ್ನಾಗಿದ್ದ ಇನ್ನೊಂದು ಹಳೆಯ ಡಿಸ್ಕಿಗೂ ಅಷ್ಟೇ ವಯಸ್ಸಾಗಿತ್ತು, ಅದನ್ನೂ ಬದಲಿಸಿದೆ. ಹೊಸ ಎರಡರಿಂದ ರೇಡ್ 0 ಹೊಸದಾಗಿ ಮಾಡಿ, ಎಕ್ಸ್‌ಟಿ4 ಹಾಕಿ, ಫೈಲುಗಳನ್ನು ವಾಪಸ್ ತುಂಬಿಸಿದೆ. 6 ಟಿಬಿಗೆ 12 ಗಂಟೆ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಯಿತು: ಮನೆಯ ರೇಡ್‌ಗೆ ಬ್ಯಾಕಪ್ ಅಂದರೆ ಫೈಲುಗಳ ಪ್ರತಿಯೇ ಆಗಬೇಕು, ಒಂದೊಂದು ಡಿಸ್ಕಿನ ಪೂರ್ತಿ ಇಮೇಜ್ (ಸೆಕ್ಟರ್ ಸೆಕ್ಟರ್ ನಕಲು) ಅಲ್ಲ. ಫೈಲ್ ಇದ್ದರೆ ಎರಡು ಡಿಸ್ಕಿಗಾದರೂ ಮೂರಕ್ಕಾದರೂ ಸುರಿಯಬಹುದು. ಇಮೇಜ್ ಇದ್ದರೆ ಹಳೆಯ ಜೋಡಣೆಯನ್ನೇ ಮತ್ತೆ ಕಟ್ಟಬೇಕು. ಮುಗಿಸಿ ರೀಬೂಟ್ ಮಾಡಿದರೆ ಕಂಪ್ಯೂಟರ್ ಏಳಲಿಲ್ಲ. ಶುರುವಾಗುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಳೆಯ ರೇಡ್‌ನ ಗುರುತಿನ ಸಂಖ್ಯೆ (ಯುಯುಐಡಿ) ಹಾಗೇ ಇತ್ತು. ಬದಲಿಸಿ, ಡಿಸ್ಕ್ ಸಿಗದಿದ್ದರೂ ಕಂಪ್ಯೂಟರ್ ಏಳಲಿ ಅಂತ ನೋಫೇಲ್ ಅಂತಲೂ ಸೇರಿಸಿದೆ, ಸರಿಹೋಯಿತು.

ಈಗ ಬ್ಯಾಕಪ್ ಡಿಸ್ಕುಗಳೂ ಎಕ್ಸ್‌ಟಿ4. ಒಂದಾದ ಮೇಲೆ ಒಂದರಂತೆ ಬದಲಿಸಿದೆ. ಫೈಲ್ ಹೆಸರು ಚಿಕ್ಕದಾಗಿ ಇಡುತ್ತೇನೆ. ಎಕ್ಸ್‌ಟಿ4ನಲ್ಲಿ ಹೆಸರಿನ ಮಿತಿ 255 ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. 'ಕ್ಷ' ಒಂದಕ್ಕೇ 9 ಹೋಗುತ್ತದೆ. ಆರ್‌ಸಿಂಕ್ ದೂರು ಹೇಳಿದರೆ ಫೋನಿಗೆ ಸಂದೇಶ ಬರುತ್ತದೆ. ಮೂಲದಲ್ಲಿ ಅಳಿಸಿದ್ದನ್ನು ಬ್ಯಾಕಪ್‌ನಲ್ಲಿ ಕೂಡಲೇ ಅಳಿಸದೆ ಬೇರೆ ಫೋಲ್ಡರಿಗೆ ಸರಿಸುತ್ತದೆ. ಫೈಲಿನ ಒಳಗಿನದ್ದು ಬದಲಾಗಿದೆಯೇ ಅಂತ ತೋರಿಸುವ ಎಸ್‌ಎಚ್‌ಎ256 ಸಂಖ್ಯೆಗಳ ಪಟ್ಟಿ ಮಾಡಿಟ್ಟು ಮೂರು ತಿಂಗಳಿಗೊಮ್ಮೆ ರಾತ್ರಿಯೆಲ್ಲ ತಾಳೆ ನೋಡಿಸುತ್ತೇನೆ.

ಕೊಳ್ಳೇಗಾಲದ ಹಿರಿಯರ ಹಾಡಿನಲ್ಲಿ 47ನೇ ನಿಮಿಷದ ತೂತಿಗೆ ಎರಡನೇ ಕ್ಯಾಮೆರಾದ ಚಿತ್ರ ಹಾಕಿದೆ. ಅಲ್ಲಿ ಅವರ ಮುಖ ಕಾಣುವುದಿಲ್ಲ, ಕಂಸಾಳೆ ಹಿಡಿದ ಎರಡು ಕೈ ಮಾತ್ರ ಕಾಣುತ್ತವೆ. ಹೋದ ವಾರ ಅವರ ಮೊಮ್ಮಗನಿಗೆ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟೆ.